ಹಣ್ಣಿನ ಸಿಪ್ಪೆಯಿಂದ ಸೂಕ್ಷ್ಮಜೀವಿ ತಡೆಯುವ ಸಾರ: ತೊಳೆಯುವುದರಿಂದ ಪರೀಕ್ಷಿಸುವವರೆಗೆ

ದಾಳಿಂಬೆ ಬಿಡಿಸುವಾಗ ಸಿಪ್ಪೆಯ ಒಂದು ಚೂರನ್ನು ಕಚ್ಚಿ ನೋಡಿದ್ದೀರಾ? ನಾಲಿಗೆ ಒಣಗಿ ಹಿಡಿದುಕೊಂಡ ಹಾಗಾಗುತ್ತದೆ, ಬಾಯೆಲ್ಲ ಒಗರು. ಆ ಒಗರೇ ಇಲ್ಲಿನ ವಿಷಯ. ಸಿಪ್ಪೆಯಲ್ಲಿರುವ ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನನ್ನು ಹಿಡಿದು ಗಂಟು ಕಟ್ಟುತ್ತದೆ, ಅದಕ್ಕೇ ಬಾಯಿ ಒಣಗಿದಂತೆ ಅನ್ನಿಸುವುದು. ಬ್ಯಾಕ್ಟೀರಿಯಾದ ಪ್ರೋಟೀನಿಗೂ ಅದು ಮಾಡುವುದು ಹೆಚ್ಚುಕಡಿಮೆ ಇದನ್ನೇ.

ಸ್ವಲ್ಪ ಯೋಚಿಸಿ. ಹಣ್ಣಿನ ಒಳಗೆ ಸಕ್ಕರೆ ಇದೆ, ನೀರು ಇದೆ, ಬೂಸ್ಟಿಗೆ ಇದಕ್ಕಿಂತ ಒಳ್ಳೆಯ ಊಟ ಬೇರೆ ಇಲ್ಲ. ಆದರೂ ಹಣ್ಣು ವಾರಗಟ್ಟಲೆ ಕೊಳೆಯದೆ ನಿಲ್ಲುತ್ತದೆ ಅಂದರೆ ಕಾವಲು ಇರುವುದು ಸಿಪ್ಪೆಯಲ್ಲಿ. ಆ ಕಾವಲನ್ನೇ ನಾವು ಕಸದ ಬುಟ್ಟಿಗೆ ಹಾಕುತ್ತಿದ್ದೇವೆ.

ಈ ಬರಹದಲ್ಲಿ ಎರಡು ಕೆಲಸ ಇದೆ. ಮೊದಲನೆಯದು ಸಿಪ್ಪೆಯಿಂದ ಸಾರ ತೆಗೆಯುವುದು. ಎರಡನೆಯದು ಕೆಲಸ ಮಾಡಿದ್ದು ನಿಜವಾಗಿ ಸಿಪ್ಪೆಯೇನಾ ಎಂದು ಕಂಡುಕೊಳ್ಳುವುದು. ಎರಡನೆಯದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ನಾನೂ ಬಿಟ್ಟಿದ್ದೆ. ಕಿತ್ತಳೆ ಸಿಪ್ಪೆಯನ್ನು ವಿನೆಗರ್‌ನಲ್ಲಿ ಎರಡು ವಾರ ನೆನೆಸಿ, ಸೋಸಿ, ಫ್ರಿಜ್ ಬಾಗಿಲಿನ ರಬ್ಬರ್ ಪಟ್ಟಿಯ ಮೇಲಿದ್ದ ಕಪ್ಪು ಬೂಸ್ಟನ್ನು ಒರೆಸಿದೆ. ವಾರಗಳು ಕಳೆದರೂ ಅದು ವಾಪಸ್ ಬರಲಿಲ್ಲ. ತುಂಬಾ ಖುಷಿಯಾಗಿತ್ತು. ಮುಂದಿನ ಸಲ ಪಟ್ಟಿಯ ಅರ್ಧ ಭಾಗಕ್ಕೆ ಸಿಪ್ಪೆ ವಿನೆಗರ್, ಇನ್ನರ್ಧಕ್ಕೆ ಬರೀ ವಿನೆಗರ್ ಹಚ್ಚಿದೆ. ಎರಡೂ ಕಡೆ ಒಂದೇ ಫಲಿತಾಂಶ! ಕೆಲಸ ಮಾಡಿದ್ದು ವಿನೆಗರ್, ಸಿಪ್ಪೆ ಕೊಟ್ಟಿದ್ದು ಪರಿಮಳ. ಅವತ್ತಿನಿಂದ ಪಕ್ಕದಲ್ಲಿ ಸಿಪ್ಪೆ ಹಾಕದ ಒಂದು ಬಾಟ್ಲಿ ಇಟ್ಟುಕೊಳ್ಳದೆ ನಾನು ಏನನ್ನೂ ನಂಬುವುದಿಲ್ಲ. ಇದನ್ನು ಹೋಲಿಕೆ ಬಾಟ್ಲಿ ಅಂತ ಕರೆಯುತ್ತೇನೆ, ಕೊನೆಯವರೆಗೂ ಇದರ ಮಾತು ಬರುತ್ತಿರುತ್ತದೆ.

ಯಾವ ಸಿಪ್ಪೆಯಲ್ಲಿ ಏನಿದೆ

ಒಂದೇ ಸಿಪ್ಪೆ ಆರಿಸಿಕೊಳ್ಳಿ ಅಂದರೆ ನಾನು ದಾಳಿಂಬೆಯನ್ನೇ ಹೇಳುತ್ತೇನೆ. ಹಣ್ಣಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸಿಪ್ಪೆಯೇ ಇರುತ್ತದೆ. ಅದರ ಮುಖ್ಯ ಟ್ಯಾನಿನ್ ಹೆಸರು ಪ್ಯೂನಿಕಾಲಜಿನ್. ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಅಂದರೆ ದುಬಾರಿ ದ್ರಾವಕ ಏನೂ ಬೇಡ, ಒಂದು ಪಾತ್ರೆ, ಒಲೆ ಇದ್ದರೆ ಸಾಕು. ಪ್ರಯೋಗಾಲಯಗಳಲ್ಲಿ ಸ್ಟಫಿಲೋಕಾಕಸ್ ಔರಿಯಸ್‌ನಂಥ ಬ್ಯಾಕ್ಟೀರಿಯಾ ಮೇಲೂ, ಹಣ್ಣು ಕೊಳೆಸುವ ಬೂಸ್ಟುಗಳ ಮೇಲೂ ಇದರ ಪರಿಣಾಮ ಮತ್ತೆ ಮತ್ತೆ ಕಂಡಿದೆ.

ಕಿತ್ತಳೆ, ನಿಂಬೆ, ಮೋಸಂಬಿ ಜಾತಿಯ ಸಿಪ್ಪೆಯಲ್ಲಿ ಕಥೆ ಬೇರೆ. ಹೊರಗಿನ ಬಣ್ಣದ ಪದರವನ್ನು ಬೆಳಕಿಗೆ ಹಿಡಿದು ನೋಡಿ, ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಚೀಲಗಳು. ಸಿಪ್ಪೆಯನ್ನು ಮಡಚಿ ಹಿಂಡಿದರೆ ಅವು ಒಡೆದು ಮಂಜಿನಂತೆ ಚಿಮ್ಮುತ್ತವೆ. ಕಿತ್ತಳೆಯ ಆ ಎಣ್ಣೆಯಲ್ಲಿ ಶೇ 90ಕ್ಕಿಂತ ಜಾಸ್ತಿ ಲಿಮೊನೀನ್ ಇರುತ್ತದೆ. ಎಣ್ಣೆಗೆ ಎಣ್ಣೆ ಸೇರುತ್ತದಲ್ವಾ, ಹಾಗೇ ಇದು ಸೂಕ್ಷ್ಮಜೀವಿಯ ಕೊಬ್ಬಿನ ಪೊರೆಯೊಳಗೆ ನುಗ್ಗಿ ಅದನ್ನು ಸೋರುವಂತೆ ಮಾಡುತ್ತದೆ. ಒಳಗಿನ ಬಿಳಿ ಪದರದಲ್ಲಿ ಎಣ್ಣೆ ಇರುವುದಿಲ್ಲ, ಅಲ್ಲಿ ಪೆಕ್ಟಿನ್ ಮತ್ತು ಹೆಸ್ಪೆರಿಡಿನ್‌ನಂಥ ಫ್ಲೇವನಾಯ್ಡ್‌ಗಳು ಇರುತ್ತವೆ.

ಮ್ಯಾಂಗೋಸ್ಟೀನ್ ಸಿಗುವವರು ಅದೃಷ್ಟವಂತರು. ಅದರ ದಪ್ಪ ನೇರಳೆ ಸಿಪ್ಪೆಯಲ್ಲಿ ಆಲ್ಫಾ ಮ್ಯಾಂಗೋಸ್ಟಿನ್ ಎಂಬ ವಸ್ತುವಿದೆ, ಶುದ್ಧ ರೂಪದಲ್ಲಿ ಅದು ಔಷಧಕ್ಕೆ ಬಗ್ಗದ ಸ್ಟಫಿಲೋಕಾಕಸ್‌ಗಳನ್ನೂ ಲ್ಯಾಬಿನಲ್ಲಿ ತಡೆದಿದೆ. ಆದರೆ ಅದು ನೀರಿನಲ್ಲಿ ಕರಗುವುದಿಲ್ಲ, ಆಲ್ಕೋಹಾಲ್ ಬೇಕೇ ಬೇಕು.

ಮಾವಿನ ಸಿಪ್ಪೆಯಲ್ಲಿ ಗ್ಯಾಲೋಟ್ಯಾನಿನ್, ಮ್ಯಾಂಜಿಫೆರಿನ್ ಇವೆ, ಜೊತೆಗೆ ಬೂಸ್ಟು ತಡೆಯುವ ರೆಸಾರ್ಸಿನಾಲ್‌ಗಳು ಇವೆ. ಕಾಯಿ ಇದ್ದಾಗ ಅವು ಜಾಸ್ತಿ, ಹಣ್ಣಾಗುತ್ತಾ ಕಡಿಮೆ. ಕಾಯಿಯಾಗಿದ್ದಾಗ ಸುಮ್ಮನಿದ್ದ ಕಪ್ಪು ಚುಕ್ಕೆ ರೋಗ ಹಣ್ಣಾದ ಕೂಡಲೇ ಹರಡುವುದಕ್ಕೆ ಇದೂ ಒಂದು ಕಾರಣ. ಒಂದು ಎಚ್ಚರಿಕೆ: ಇದೇ ಗುಂಪಿನ ವಸ್ತುಗಳಿಂದ ಕೆಲವರಿಗೆ ಚರ್ಮ ಕೆಂಪಾಗಿ ತುರಿಸುತ್ತದೆ. ಮಾವಿನ ಸೊನೆ ತಾಗಿದರೆ ಆಗದವರು ಈ ಸಿಪ್ಪೆಯ ತಂಟೆಗೆ ಹೋಗಬೇಡಿ.

ಸೇಬು, ದ್ರಾಕ್ಷಿ, ಬಾಳೆ? ಇವುಗಳಲ್ಲೂ ಫೀನಾಲ್ ಜಾತಿಯ ವಸ್ತುಗಳು (ಟ್ಯಾನಿನ್ ಕೂಡ ಇದೇ ಜಾತಿ) ಇವೆ, ಆದರೆ ಮನೆಯಲ್ಲಿ ತೆಗೆಯುವ ಸಾರ ಬಲಹೀನ. ಬಾಳೆ ಸಿಪ್ಪೆ ಕತ್ತರಿಸಿದ ನಿಮಿಷಗಳಲ್ಲೇ ಕಪ್ಪಾಗುವುದು ಆ ಫೀನಾಲ್‌ಗಳು ಗಾಳಿಗೆ ಸಿಕ್ಕು ಬದಲಾಗುವುದರಿಂದ, ಅಂದರೆ ನಮಗೆ ಬೇಕಾದ್ದು ಕಣ್ಣೆದುರೇ ಹೋಗುತ್ತಿದೆ. ಅವನ್ನು ಗೊಬ್ಬರಕ್ಕೆ ಹಾಕಿ.

ಶುರು ಮಾಡುವ ಮುಂಚೆ ಒಂದು ಮಿತಿ

ಬ್ಯಾಕ್ಟೀರಿಯಾಗಳಲ್ಲಿ ಗ್ರಾಂ ಪಾಸಿಟಿವ್, ಗ್ರಾಂ ನೆಗೆಟಿವ್ ಎಂಬ ಎರಡು ದೊಡ್ಡ ಗುಂಪುಗಳಿವೆ. ಎರಡನೆಯ ಗುಂಪಿಗೆ ಹೊರಗಡೆ ಇನ್ನೊಂದು ಪೊರೆ ಇರುತ್ತದೆ, ಅದು ದೊಡ್ಡ ಅಣುಗಳನ್ನೂ ಎಣ್ಣೆಯಂಥ ಅಣುಗಳನ್ನೂ ಸುಲಭವಾಗಿ ಒಳಗೆ ಬಿಡುವುದಿಲ್ಲ. ಹಾಗಾಗಿ ಸಿಪ್ಪೆಯ ಸಾರಗಳು ಮೊದಲನೆಯ ಗುಂಪಿನ ಮೇಲೆ ಚೆನ್ನಾಗಿ, ಎರಡನೆಯದರ ಮೇಲೆ ಕಡಿಮೆ ಕೆಲಸ ಮಾಡುತ್ತವೆ. ಹೊಟ್ಟೆ ಕೆಡಿಸುವ ಇ. ಕೋಲಿ, ಸಾಲ್ಮೊನೆಲ್ಲಾ ಎರಡೂ ಈ ಎರಡನೆಯ ಗುಂಪಿನವು. ಇದನ್ನು ನೆನಪಿಟ್ಟುಕೊಳ್ಳಿ, ಬಳಕೆಯ ಮಾತು ಬಂದಾಗ ಬೇಕಾಗುತ್ತದೆ. ಬ್ಯಾಕ್ಟೀರಿಯಾದ ಬೀಜಾಣುಗಳಿಗಂತೂ ಇದು ಏನೂ ಮಾಡುವುದಿಲ್ಲ.

ಹಂತ 1: ಆರಿಸಿ, ತೊಳೆಯಿರಿ

ತಾಜಾ ಸಿಪ್ಪೆ ಮಾತ್ರ. ಒಂದು ಮೂಲೆಯಲ್ಲಿ ಬೂಸ್ಟು ಕಂಡರೂ ಇಡೀ ಸಿಪ್ಪೆ ಬೇಡ, ಆ ಭಾಗ ಕತ್ತರಿಸಿ ಉಳಿದದ್ದು ತೆಗೆದುಕೊಳ್ಳುತ್ತೇನೆ ಅನ್ನಬೇಡಿ. ಬೂಸ್ಟು ಬಿಡುವ ವಿಷಗಳು ಕಣ್ಣಿಗೆ ಕಾಣದೆ ಸುತ್ತಲೂ ಹರಡಿರುತ್ತವೆ. ಕೊಳೆತ ಸೇಬಿನಲ್ಲಿ ಬರುವ ಪಟುಲಿನ್, ಇನ್ನು ಕೆಲವು ಬೂಸ್ಟುಗಳ ಅಫ್ಲಾಟಾಕ್ಸಿನ್ ಇವೆಲ್ಲ ಒಣಗಿಸಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ.

ಈಗ ಮುಖ್ಯವಾದ ವಿಷಯ. ಕಿತ್ತಳೆ, ನಿಂಬೆ ಜಾತಿಯ ಹಣ್ಣುಗಳಿಗೆ ಕೊಯ್ಲಾದ ಮೇಲೆ ಇಮಾಜಲಿಲ್, ಥಯಾಬೆಂಡಜೋಲ್‌ನಂಥ ಫಂಗಸ್ ನಾಶಕಗಳನ್ನು ಹಚ್ಚಿ ಮೇಣ ಬಳಿಯುವುದು ಸಾಮಾನ್ಯ. ಅವು ಸಾರಕ್ಕೂ ಬರುತ್ತವೆ. ಆರೋಗ್ಯದ ಮಾತು ಹಾಗಿರಲಿ, ಪರೀಕ್ಷೆಯೇ ಕೆಡುತ್ತದೆ. ನಿಮ್ಮ ಕಿತ್ತಳೆ ಸಾರ ಬೂಸ್ಟು ತಡೆಯಿತು ಅಂದುಕೊಳ್ಳಿ, ತಡೆದದ್ದು ಕಿತ್ತಳೆಯೋ ಇಮಾಜಲಿಲ್ಲೋ? ಹೇಗೆ ಹೇಳುತ್ತೀರಿ? ಸಾಧ್ಯವಾದರೆ ಔಷಧಿ ಹೊಡೆಯದ, ಮೇಣ ಹಚ್ಚದ, ಗೊತ್ತಿದ್ದವರ ಮರದ ಹಣ್ಣು ತೆಗೆದುಕೊಳ್ಳಿ.

ತೊಳೆಯುವುದು ಹೀಗೆ. 1 ಲೀಟರ್ ನೀರಿಗೆ 10 ಗ್ರಾಂ ಅಡುಗೆ ಸೋಡಾ ಕರಗಿಸಿ, ಹಣ್ಣನ್ನು ಬಿಡಿಸುವ ಮುಂಚೆಯೇ ಅದರಲ್ಲಿ 12ರಿಂದ 15 ನಿಮಿಷ ಮುಳುಗಿಸಿಡಿ. ಸೇಬಿನ ಮೇಲೆ ನಡೆದ ಪ್ರಯೋಗದಲ್ಲಿ ಬರೀ ನೀರಿಗಿಂತ ಇದು ಮೇಲ್ಮೈಯ ಕೀಟನಾಶಕವನ್ನು ಚೆನ್ನಾಗಿ ತೆಗೆದಿತ್ತು. ಸಿಪ್ಪೆಯೊಳಗೆ ಇಳಿದದ್ದು ಹೋಗುವುದಿಲ್ಲ. ಆಮೇಲೆ ಬ್ರಷ್‌ನಿಂದ ಉಜ್ಜಿ, ಎರಡು ಮೂರು ಸಲ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸೋಡಾ ಉಳಿಯಬಾರದು, ಯಾಕೆಂದರೆ ಟ್ಯಾನಿನ್ ಕ್ಷಾರದಲ್ಲಿ ಬೇಗ ಕೆಡುತ್ತದೆ.

ಹಂತ 2: ಒಣಗಿಸಿ

ದಾಳಿಂಬೆ, ಮಾವು, ಮ್ಯಾಂಗೋಸ್ಟೀನ್ ಸಿಪ್ಪೆಗಳನ್ನು ಅರ್ಧ ಸೆಂಟಿಮೀಟರ್ ಅಗಲದ ಚೂರುಗಳಾಗಿ ಕತ್ತರಿಸಿ, ಒಂದರ ಮೇಲೊಂದು ಬೀಳದಂತೆ ಹರಡಿ. ಡ್ರೈಯರ್ ಅಥವಾ ಓವನ್ ಇದ್ದರೆ 40ರಿಂದ 50 ಡಿಗ್ರಿ ಸೆಲ್ಸಿಯಸ್, ಅದಕ್ಕಿಂತ ಮೇಲೆ ಹೋಗಬೇಡಿ. ಇಲ್ಲದಿದ್ದರೆ ಗಾಳಿಯಾಡುವ ನೆರಳು, ಮೇಲೊಂದು ತೆಳು ಬಟ್ಟೆ. ನೇರ ಬಿಸಿಲಿನಲ್ಲಿ ಬೇಗ ಒಣಗುತ್ತದೆ ನಿಜ, ಆದರೆ ಬೆಳಕಿಗೆ ಕೆಲವು ವಸ್ತುಗಳು ಹಾಳಾಗುತ್ತವೆ. ಆದರೂ ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನಗಳಲ್ಲಿ ನೆರಳಿಗಿಂತ ಬಿಸಿಲೇ ವಾಸಿ. ಸ್ವಲ್ಪ ಸತ್ವ ಹೋದರೂ ಪರವಾಗಿಲ್ಲ, ಬೂಸ್ಟು ಬಂದರೆ ಎಲ್ಲವೂ ಹೋಯಿತು.

ಒಣಗಿದೆಯಾ ಅಂತ ತಿಳಿಯುವುದು ಸುಲಭ. ಚೂರನ್ನು ಬಗ್ಗಿಸಿ. ಬಾಗಿದರೆ ಇನ್ನೂ ತೇವ ಇದೆ, ಟಕ್ ಅಂತ ಮುರಿದರೆ ಆಯಿತು. ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು: ನಾಲ್ಕು ಗಂಟೆ ಬಿಟ್ಟು ಎರಡು ಸಲ ತೂಗಿ, ತೂಕ ಬದಲಾಗದಿದ್ದರೆ ನಿಲ್ಲಿಸಿ.

ಕಿತ್ತಳೆ, ನಿಂಬೆಯ ವಿಷಯದಲ್ಲಿ ಇದೇ ನಿಯಮ ಹಿಡಿದು ಹೋದರೆ ನಷ್ಟ. ಅವುಗಳ ಸತ್ವ ಹಾರಿಹೋಗುವ ಎಣ್ಣೆಯಲ್ಲಿದೆ. ಒಣಗಿಸುವಾಗ ಕೋಣೆಯೆಲ್ಲ ಘಮಘಮ ಅಂದರೆ ನಿಮಗೆ ಬೇಕಾಗಿದ್ದ ಲಿಮೊನೀನ್ ಗಾಳಿಗೆ ಹೋಗುತ್ತಿದೆ ಅಂತಲೇ ಅರ್ಥ. ಎಣ್ಣೆ ಬೇಕಿದ್ದರೆ ಹಸಿ ಸಿಪ್ಪೆಯ ಬಣ್ಣದ ಪದರವನ್ನಷ್ಟೇ ತೆಳ್ಳಗೆ ಹೆರೆದು ಆಗಿಂದಾಗಲೇ ಬಳಸಿ.

ಹಂತ 3: ಪುಡಿ ಮಾಡಿ

ಮಿಕ್ಸಿಯಲ್ಲಿ ತಡೆದು ತಡೆದು ತಿರುಗಿಸಿ, ಬಿಸಿಯಾಗದಂತೆ. ರವೆಯಷ್ಟು ತರಿ ಸಾಕು. ನುಣ್ಣಗಾದಷ್ಟೂ ಸಾರ ಬೇಗ ಬಿಡುತ್ತದೆ, ಆದರೆ ತೀರಾ ನುಣ್ಣಗೆ ಮಾಡಿದರೆ ಸೋಸುವಾಗ ಬಟ್ಟೆ ಕಟ್ಟಿಕೊಂಡು ಒಂದು ಗಂಟೆ ಅಲ್ಲೇ ನಿಲ್ಲಬೇಕಾಗುತ್ತದೆ. ಪುಡಿಯ ಧೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ. ಗಾಳಿಯಾಡದ ಗಾಜಿನ ಜಾಡಿಯಲ್ಲಿ, ಕತ್ತಲಲ್ಲಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಜಾಡಿಯ ಮೇಲೆ ಹಣ್ಣಿನ ಹೆಸರು, ತಾರೀಕು ಬರೆಯಿರಿ. ಪುಡಿಯಾದ ಮೇಲೆ ಎಲ್ಲ ಸಿಪ್ಪೆಯೂ ಕಂದೇ.

ಹಂತ 4: ಸಾರ ತೆಗೆಯಿರಿ

ಇಲ್ಲಿ ದಾರಿ ಮೂರು. ಯಾವ ಸಿಪ್ಪೆಗೆ ಯಾವುದು ಅನ್ನುವುದನ್ನು ತಪ್ಪಿಸಬೇಡಿ. ಪಾತ್ರೆ ಗಾಜು ಅಥವಾ ಸ್ಟೀಲ್ ಆಗಿರಲಿ. ಕಬ್ಬಿಣ ಬೇಡವೇ ಬೇಡ, ಯಾಕೆ ಅಂತ ಮುಂದಿನ ಹಂತದಲ್ಲಿ ನೀವೇ ನೋಡುತ್ತೀರಿ.

ನೀರಿನ ದಾರಿ ದಾಳಿಂಬೆಗೆ. 50 ಗ್ರಾಂ ಪುಡಿಗೆ 500 ಮಿ.ಲೀ. ನೀರು. ಡಿಸ್ಟಿಲ್ಡ್ ನೀರು ಸಿಕ್ಕರೆ ಒಳ್ಳೆಯದು, ಗಡಸು ನೀರಿನ ಖನಿಜಗಳು ಟ್ಯಾನಿನ್ ಜೊತೆ ಸೇರಿ ಮಡ್ಡಿ ಕಟ್ಟುತ್ತವೆ. ನೀರು ಕುದಿಸಿ ಇಳಿಸಿ, ಪುಡಿ ಹಾಕಿ, ಮುಚ್ಚಿ 30 ನಿಮಿಷ ಬಿಡಿ, ನಡುವೆ ಎರಡು ಮೂರು ಸಲ ಕಲಕಿ. ಗಂಟೆಗಟ್ಟಲೆ ಕುದಿಸುತ್ತಾ ಕೂರಬೇಡಿ, ಬಿಸಿ ಜಾಸ್ತಿಯಾದಷ್ಟೂ ಪ್ಯೂನಿಕಾಲಜಿನ್ ಒಡೆಯುತ್ತದೆ. ಒಡೆದಾಗ ಬರುವ ಎಲಾಜಿಕ್ ಆಮ್ಲ ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಮೊದಲು ಬಟ್ಟೆಯಲ್ಲಿ, ಆಮೇಲೆ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. 400 ಮಿ.ಲೀ. ಹತ್ತಿರ ಸಿಗುತ್ತದೆ, ಉಳಿದದ್ದು ಚರಟ ಕುಡಿದಿರುತ್ತದೆ. ಗಾಢ ಹಳದಿ ಕಂದು ಬಣ್ಣ, ಕನ್ನಡಿಯಂತೆ ತಿಳಿ.

ಕಿತ್ತಳೆಗೆ ಈ ದಾರಿ ಯಾಕೆ ಬೇಡ? 1 ಲೀಟರ್ ನೀರಿನಲ್ಲಿ ಲಿಮೊನೀನ್ ಕರಗುವುದು ಸುಮಾರು 14 ಮಿ.ಗ್ರಾಂ ಮಾತ್ರ. ಅದು ಏನೇನೂ ಅಲ್ಲ. ಕುದಿಸಿದರೆ ಆ ಚೂರೂ ಹಬೆಯ ಜೊತೆ ಹೋಗುತ್ತದೆ.

ವಿನೆಗರ್ ದಾರಿ ಎಲ್ಲರಿಗೂ ಇಷ್ಟ. ಶೇ 5ರ ಬಿಳಿ ವಿನೆಗರ್‌ನಲ್ಲಿ ಸಿಪ್ಪೆ ಮುಳುಗಿಸಿ, ಎರಡು ವಾರ ಕತ್ತಲಲ್ಲಿಟ್ಟು ಸೋಸಿದರೆ ಆಯಿತು. ಮುಳುಗದ ಚೂರಿನ ಮೇಲೆ ಬೂಸ್ಟು ಬರುತ್ತದೆ, ಅದೊಂದನ್ನು ನೋಡಿಕೊಳ್ಳಿ. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು: ವಿನೆಗರ್ ಅಂದರೂ ಶೇ 95 ನೀರೇ, ಅದರಲ್ಲೂ ಲಿಮೊನೀನ್ ಹೆಚ್ಚೇನೂ ಕರಗುವುದಿಲ್ಲ. ಮೂಗು ಬಹಳ ಸೂಕ್ಷ್ಮ, ಚಿಟಿಕೆಯಷ್ಟಿದ್ದರೂ ಘಮ ಬರುತ್ತದೆ. ಘಮ ಬಂದಿತು ಅಂದರೆ ಸತ್ವ ಬಂದಿತು ಅಂತಲ್ಲ. ದಾಳಿಂಬೆ ಸಿಪ್ಪೆಗೆ ಮಾತ್ರ ವಿನೆಗರ್ ನಿಜವಾಗಿಯೂ ಒಳ್ಳೆಯ ಜೋಡಿ, ಹುಳಿಯಲ್ಲಿ ಟ್ಯಾನಿನ್ ಕೆಡದೆ ಉಳಿಯುತ್ತದೆ.

ಸಕ್ಕರೆ 1, ಸಿಪ್ಪೆ 3, ನೀರು 10 ಪಾಲು ಹಾಕಿ ಮೂರು ತಿಂಗಳು ಹುದುಗಿಸುವ ಎಂಜೈಮ್ ದ್ರವವನ್ನೂ ಬಹಳ ಜನ ಮಾಡುತ್ತಾರೆ. ಅದರಲ್ಲಿ ಕೆಲಸ ಮಾಡುವುದು ಬಹುಪಾಲು ಹುದುಗಿದಾಗ ಹುಟ್ಟುವ ಆಮ್ಲಗಳು. ನೆಲ ಒರೆಸಲು, ಚರಂಡಿಗೆ ಹಾಕಲು ಚೆನ್ನಾಗಿದೆ, ಸಿಪ್ಪೆಯ ಸತ್ವ ಬೇಕು ಅನ್ನುವವರಿಗೆ ಇದು ದಾರಿಯಲ್ಲ. ಮಾಡುವುದಾದರೆ ಗಾಜಿನ ಬಾಟ್ಲಿಗೆ ಬಿಗಿ ಮುಚ್ಚಳ ಹಾಕಬೇಡಿ, ಒಳಗಿನ ಅನಿಲಕ್ಕೆ ಬಾಟ್ಲಿ ಸಿಡಿಯುತ್ತದೆ.

ಆಲ್ಕೋಹಾಲ್ ದಾರಿ ಎಲ್ಲಕ್ಕಿಂತ ಬಲವಾದದ್ದು, ಎಚ್ಚರಿಕೆಯೂ ಅಷ್ಟೇ ಜಾಸ್ತಿ ಬೇಕು. ಶುದ್ಧ ಎಥನಾಲ್‌ಗಿಂತ ನೀರು ಬೆರೆಸಿದ ಎಥನಾಲ್ ಫೀನಾಲ್‌ಗಳನ್ನು ಚೆನ್ನಾಗಿ ಎಳೆಯುತ್ತದೆ, ದಾಳಿಂಬೆ ಮತ್ತು ಮಾವಿಗೆ ಶೇ 50 ಸರಿ. ಶೇ 95ರ ಎಥನಾಲ್ ಇದ್ದರೆ 53 ಮಿ.ಲೀ. ಅಳೆದು, ನೀರು ಸೇರಿಸಿ 100 ಮಿ.ಲೀ. ಮಾಡಿಕೊಳ್ಳಿ. ಕಿತ್ತಳೆಯ ಬಣ್ಣದ ಪದರಕ್ಕೂ ಮ್ಯಾಂಗೋಸ್ಟೀನ್‌ಗೂ ಶೇ 70 ಅಥವಾ ಅದಕ್ಕಿಂತ ಜಾಸ್ತಿ ಬೇಕು. ಪುಡಿ 1 ಪಾಲು, ದ್ರಾವಕ 10 ಪಾಲು, ಮುಚ್ಚಿದ ಗಾಜಿನ ಜಾಡಿ, ಕತ್ತಲು, 24ರಿಂದ 48 ಗಂಟೆ, ಆಗಾಗ ಅಲುಗಾಡಿಸುವುದು. ನಂತರ ಸೋಸುವುದು. ಇದರ ಜೊತೆಗೇ ಸಿಪ್ಪೆ ಹಾಕದ ಅದೇ ಆಲ್ಕೋಹಾಲನ್ನು ಇನ್ನೊಂದು ಬಾಟ್ಲಿಯಲ್ಲಿ ತೆಗೆದಿಡಿ. ಹೋಲಿಕೆ ಬಾಟ್ಲಿ!

ಮೆಥನಾಲ್ ಯಾವತ್ತೂ ಬೇಡ, ಅದರ ಆವಿಯೂ ಚರ್ಮದ ಮೂಲಕ ಇಳಿಯುವುದೂ ವಿಷ. ಬಣ್ಣ ಹಾಕಿದ ಕೈಗಾರಿಕಾ ಸ್ಪಿರಿಟ್‌ನಲ್ಲಿ ಅದು ಬೆರೆತಿರಬಹುದು, ಹಾಗಾಗಿ ಅದೂ ಬೇಡ. ಆಲ್ಕೋಹಾಲ್ ಇರುವ ಕೋಣೆಯಲ್ಲಿ ಒಲೆ, ದೀಪ, ಕಡ್ಡಿ ಯಾವುದೂ ಉರಿಯಬಾರದು. ಆಲ್ಕೋಹಾಲ್ ಸಾರವನ್ನು ಒಲೆಯ ಮೇಲಿಟ್ಟು ಗಟ್ಟಿ ಮಾಡುವ ಕೆಲಸವಂತೂ ಬೇಡವೇ ಬೇಡ. ಅಗಲ ತಟ್ಟೆಯಲ್ಲಿ ಹಾಕಿ, ಕಿಟಕಿ ತೆರೆದು, ತಾನಾಗಿ ಆವಿಯಾಗಲು ಬಿಡಿ. ಕಿತ್ತಳೆ ಎಣ್ಣೆಗೂ ಬೆಂಕಿಗೂ ಆಗಿಬರುವುದಿಲ್ಲ: ಹಸಿ ಸಿಪ್ಪೆಯನ್ನು ಉರಿಯುವ ಮೇಣದಬತ್ತಿಯ ಹತ್ತಿರ ಹಿಂಡಿದರೆ ಚಿಟಪಟ ಅಂತ ಕಿಡಿ ಹಾರುವುದು ಆ ಎಣ್ಣೆಯೇ.

ಹಂತ 5: ಸಾರದಲ್ಲಿ ಏನಾದರೂ ಇದೆಯಾ?

ಇದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಎರಡು ದಿನ ಮುಂಚೆ ತುಕ್ಕು ಹಿಡಿದ ಕಬ್ಬಿಣದ ಮೊಳೆಯೊಂದನ್ನು ಎರಡು ಚಮಚ ವಿನೆಗರ್‌ನಲ್ಲಿ ಹಾಕಿಡಿ. ಸತುವಿನ ಲೇಪ ಇರುವ ಹೊಳಪಿನ ಮೊಳೆ ಆಗುವುದಿಲ್ಲ. ವಿನೆಗರ್ ತಿಳಿಗಂದು ಬಣ್ಣಕ್ಕೆ ತಿರುಗಿದಾಗ ಕಬ್ಬಿಣ ಕರಗಿದೆ ಅಂತ ಅರ್ಥ. ಈಗ ಬಿಳಿ ಬಟ್ಟಲಲ್ಲಿ ಒಂದು ಚಮಚ ದಾಳಿಂಬೆ ಸಾರ ಹಾಕಿ, ಅದಕ್ಕೆ ಹತ್ತು ಚಮಚ ನೀರು ಬೆರೆಸಿ, ಆ ಕಬ್ಬಿಣದ ನೀರಿನ ಒಂದೇ ಒಂದು ಹನಿ ಬಿಡಿ.

ಹನಿ ಬಿದ್ದ ಜಾಗದಲ್ಲೇ ನೀಲಿಗಪ್ಪು ಮೋಡ ಏಳುತ್ತದೆ. ಕಲಕಿದರೆ ಇಡೀ ಬಟ್ಟಲು ಶಾಯಿ. ನಿಜವಾದ ಶಾಯಿಯೇ ಅದು, ಶತಮಾನಗಳ ಕಾಲ ಓಕ್ ಮರದ ಗಂಟುಗಳ ಟ್ಯಾನಿನ್‌ಗೆ ಕಬ್ಬಿಣ ಬೆರೆಸಿ ಬರೆಯುವ ಶಾಯಿ ಮಾಡುತ್ತಿದ್ದರು. ನೀಲಿಗಪ್ಪು ಬಂದರೆ ದಾಳಿಂಬೆ, ಮಾವಿನಲ್ಲಿರುವ ಜಾತಿಯ ಟ್ಯಾನಿನ್, ಹಸಿರುಗಪ್ಪು ಬಂದರೆ ಇನ್ನೊಂದು ಜಾತಿಯದು. ಬಣ್ಣ ಬದಲಾಗದಿದ್ದರೆ ಟ್ಯಾನಿನ್ ಇಲ್ಲ, ಸಾರ ತೆಗೆದ ರೀತಿಯಲ್ಲಿ ಎಲ್ಲೋ ತಪ್ಪಾಗಿದೆ. ಕಬ್ಬಿಣದ ಪಾತ್ರೆ ಯಾಕೆ ಬೇಡ ಅಂತ ಈಗ ಗೊತ್ತಾಯಿತಲ್ಲ, ಸತ್ವವೆಲ್ಲ ಪಾತ್ರೆಯ ಕಬ್ಬಿಣವನ್ನು ಹಿಡಿದುಕೊಂಡು ಖಾಲಿಯಾಗುತ್ತದೆ.

ಜೆಲಟಿನ್ ಪುಡಿ ಇದ್ದರೆ ಇನ್ನೊಂದು ಮಾಡಿ. ಬೆಚ್ಚಗಿನ ನೀರಿನಲ್ಲಿ ಚಿಟಿಕೆ ಜೆಲಟಿನ್ ಕರಗಿಸಿ, ಅದಕ್ಕೆ ಸಾರ ಹಾಕಿ. ತಿಳಿ ನೀರು ಹಾಲಿನಂತೆ ಕದಡುತ್ತದೆ. ಜೆಲಟಿನ್ ಅಂದರೆ ಪ್ರೋಟೀನ್, ಬಾಯಲ್ಲಿ ಆದದ್ದೇ ಇಲ್ಲಿ ಕಣ್ಣಿಗೆ ಕಾಣುತ್ತಿದೆ.

ಇನ್ನು ಸಾಂದ್ರತೆ. ಸಣ್ಣ ತಟ್ಟೆಯನ್ನು ಮೊದಲು ತೂಗಿ, 10 ಮಿ.ಲೀ. ಸಾರ ಹಾಕಿ ಪೂರ್ತಿ ಒಣಗಿಸಿ, ಮತ್ತೆ ತೂಗಿ. 0.3 ಗ್ರಾಂ ಉಳಿದರೆ ನಿಮ್ಮ ಸಾರದಲ್ಲಿ ಮಿ.ಲೀ.ಗೆ 30 ಮಿ.ಗ್ರಾಂ ಘನವಸ್ತು ಇದೆ. ಈ ಅಂಕಿ ಬರೆದಿಡದಿದ್ದರೆ ಮುಂದಿನ ಸಲದ ಸಾರವನ್ನು ಇದರ ಜೊತೆ ಹೋಲಿಸಲು ಆಗುವುದೇ ಇಲ್ಲ. ಇಷ್ಟೂ ಟ್ಯಾನಿನ್ ಅಂದುಕೊಳ್ಳಬೇಡಿ, ಸಕ್ಕರೆಯೂ ಅದರಲ್ಲೇ ಇದೆ.

ಹಂತ 6: ಬ್ರೆಡ್ ಪರೀಕ್ಷೆ

ಮನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಬೇಡಿ. ಕೈಯಿಂದಲೋ ಸಿಂಕಿನಿಂದಲೋ ತೆಗೆದು ತಟ್ಟೆಯಲ್ಲಿ ಬೆಳೆಸಿದರೆ ಏನು ಬೆಳೆಯಿತು ಅಂತ ನಿಮಗೆ ಗೊತ್ತಾಗುವುದಿಲ್ಲ, ಅಪಾಯಕಾರಿಯಾದದ್ದು ಕೋಟಿಗಟ್ಟಲೆ ಆಗಿರಬಹುದು. ಬೂಸ್ಟಿನ ಪರೀಕ್ಷೆಯನ್ನು ಮುಚ್ಚಿದ ಚೀಲದಲ್ಲಿ ಮಾಡಬಹುದು.

ಸಂರಕ್ಷಕ ಹಾಕದ ಬ್ರೆಡ್ ತೆಗೆದುಕೊಳ್ಳಿ. ಸಾಮಾನ್ಯ ಬ್ರೆಡ್‌ನಲ್ಲಿ ಬೂಸ್ಟು ತಡೆಯಲು ಕ್ಯಾಲ್ಸಿಯಂ ಪ್ರೊಪಿಯೊನೇಟ್ ಇರುತ್ತದೆ, ಅದು ಪರೀಕ್ಷೆಗೆ ಅಡ್ಡ. ಒಂದೊಂದು ದ್ರವಕ್ಕೂ ಕನಿಷ್ಠ ಮೂರು ತುಂಡು: ಬರೀ ನೀರು, ದಾಳಿಂಬೆಯ ನೀರಿನ ಸಾರ, ಬರೀ ವಿನೆಗರ್, ಸಿಪ್ಪೆ ವಿನೆಗರ್. ಆಲ್ಕೋಹಾಲ್ ಸಾರ ಮಾಡಿದ್ದರೆ ಅದೂ, ಬರೀ ಆಲ್ಕೋಹಾಲೂ. ಒಂದೊಂದು ತುಂಡಿಗೆ ಸರಿಯಾಗಿ 2 ಮಿ.ಲೀ., ಸಿರಿಂಜಿನಿಂದ ಅಳೆದು ಹರಡಿ. ಎಲ್ಲವನ್ನೂ ಅರ್ಧ ಗಂಟೆ ಒಂದೇ ಕಡೆ ತೆರೆದಿಡಿ, ಆಲ್ಕೋಹಾಲ್ ಹಾರಲಿ, ಗಾಳಿಯಲ್ಲಿರುವ ಬೀಜಾಣುಗಳು ಎಲ್ಲದರ ಮೇಲೂ ಸಮನಾಗಿ ಬೀಳಲಿ. ಆಮೇಲೆ ಒಂದೊಂದನ್ನೂ ಜಿಪ್ ಚೀಲಕ್ಕೆ ಹಾಕಿ ಮುಚ್ಚಿ, ಟೇಪ್ ಹಚ್ಚಿ.

ಈಗ ಯಾವ ಚೀಲದಲ್ಲಿ ಯಾವ ದ್ರವ ಅಂತ ನಿಮಗೇ ಗೊತ್ತಿರಬಾರದು. ಮನೆಯವರೊಬ್ಬರಿಗೆ ಹೇಳಿ, ಅವರು ಚೀಲಗಳ ಮೇಲೆ ಬರೀ ನಂಬರ್ ಬರೆದು ಪಟ್ಟಿಯನ್ನು ತಾವು ಇಟ್ಟುಕೊಳ್ಳಲಿ. ಸಾರದ ಬಣ್ಣದಿಂದ ಕೆಲವು ಗೊತ್ತಾಗಿಬಿಡುತ್ತವೆ, ಆದರೂ ಮಾಡಿ. ನಮ್ಮ ಕೈಯಾರೆ ಮಾಡಿದ್ದು ಗೆಲ್ಲಲಿ ಅಂತ ಮನಸ್ಸಿಗೆ ಆಸೆ ಇರುತ್ತದೆ, ಕಣ್ಣು ಆ ಕಡೆಗೇ ವಾಲುತ್ತದೆ.

ದಿನಾ ಒಂದೇ ಹೊತ್ತಿಗೆ ಫೋಟೋ ತೆಗೆಯಿರಿ. ಮೊದಲ ಚುಕ್ಕೆ ಯಾವ ದಿನ ಕಂಡಿತು, ಹತ್ತನೇ ದಿನ ಎಷ್ಟು ಭಾಗ ಮುಚ್ಚಿದೆ, ಈ ಎರಡು ಸಾಕು. ಚೀಲ ತೆರೆಯಬೇಡಿ, ಮುಗಿದ ಮೇಲೆ ಹಾಗೇ ಕಸಕ್ಕೆ. ಸಿಪ್ಪೆ ವಿನೆಗರ್ ಮತ್ತು ಬರೀ ವಿನೆಗರ್ ನಡುವೆ ವ್ಯತ್ಯಾಸ ಕಂಡರೆ ಅಷ್ಟು ಮಾತ್ರ ಸಿಪ್ಪೆಯ ಕೆಲಸ. ಸಾರ ಹಾಕಿದ ತುಂಡಿಗೇ ಬೇಗ ಬೂಸ್ಟು ಬಂದರೂ ಗಾಬರಿ ಬೇಡ, ಅದರೊಳಗಿನ ಸಕ್ಕರೆ ಬೂಸ್ಟಿಗೆ ಊಟವಾಗಿರುತ್ತದೆ. ಕಿತ್ತಳೆಯ ಮೇಲೆ ಬರುವ ಹಸಿರು ಬೂಸ್ಟು ಪೆನಿಸಿಲಿಯಂ ಡಿಜಿಟೇಟಮ್ ಇನ್ನೂ ಒಂದು ಹೆಜ್ಜೆ ಮುಂದೆ, ಕಿತ್ತಳೆ ಸಿಪ್ಪೆಯ ಘಮ ಬಂದರೆ ಅದರ ಬೀಜಾಣು ಮೊಳೆಯುವುದು ಚುರುಕಾಗುತ್ತದೆ. ಕಾವಲುಗಾರನ ವಾಸನೆ ಹಿಡಿದೇ ಮನೆ ಹುಡುಕುವ ಕಳ್ಳ ಅದು.

ಲ್ಯಾಬ್ ಸಿಗುವವರಿಗೆ

ವಿದ್ಯಾರ್ಥಿಗಳು ಬಹಳ ಜನ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಯಲ್ಲಿ 6 ಮಿ.ಮೀ. ಗುಳಿ ಕೊರೆದು, ಸಾರ ತುಂಬಿ, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತವನ್ನು ಅಳೆದು ನಿಲ್ಲಿಸುತ್ತಾರೆ. ಅದು ಆರಂಭಕ್ಕೆ ಸರಿ. ಮ್ಯೂಲರ್ ಹಿಂಟನ್ ಅಗಾರ್, 0.5 ಮ್ಯಾಕ್‌ಫರ್ಲ್ಯಾಂಡ್ ಸಾಂದ್ರತೆಯ ಬ್ಯಾಕ್ಟೀರಿಯಾ, ಅಂದರೆ ಮಿ.ಲೀ.ಗೆ ಸುಮಾರು 15 ಕೋಟಿ ಜೀವಕೋಶ, 37 ಡಿಗ್ರಿಯಲ್ಲಿ 18ರಿಂದ 24 ಗಂಟೆ. ಆದರೆ ವೃತ್ತದ ಅಳತೆ ಮೋಸ ಮಾಡುತ್ತದೆ. ಟ್ಯಾನಿನ್ ಅಣು ದೊಡ್ಡದು, ಅಗಾರ್‌ನಲ್ಲಿ ನಿಧಾನ ಹರಡುತ್ತದೆ. ಎಣ್ಣೆ ನೀರಿರುವ ಅಗಾರ್‌ಗೆ ಸೇರುವುದೇ ಇಲ್ಲ. ಸಣ್ಣ ವೃತ್ತ ಅಂದರೆ ಬಲಹೀನ ಅಂತ ಹೇಳಲಾಗದು.

ಅದಕ್ಕೇ ಎಂಐಸಿ ಅಳೆಯಿರಿ, ಅಂದರೆ ಬೆಳವಣಿಗೆ ನಿಲ್ಲಿಸುವ ಅತಿ ಕಡಿಮೆ ಸಾಂದ್ರತೆ. 96 ಗುಳಿಯ ತಟ್ಟೆಯಲ್ಲಿ ಸಾರವನ್ನು ಪ್ರತಿ ಗುಳಿಗೂ ಅರ್ಧ ಅರ್ಧ ತೆಳುಮಾಡುತ್ತಾ ಹೋಗಿ, ಮಿ.ಲೀ.ಗೆ 5 ಲಕ್ಷ ಜೀವಕೋಶ ಇರುವಂತೆ ಹಾಕಿ. ಸಾರಕ್ಕೇ ಬಣ್ಣ ಇರುವುದರಿಂದ ಕದಡಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ, ರೆಸಾಜ್ಯೂರಿನ್ ಎಂಬ ನೀಲಿ ಬಣ್ಣ ಬಳಸಿ: ಜೀವ ಇದ್ದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಫೀನಾಲ್‌ಗಳು ತಾವೇ ಆ ಬಣ್ಣ ಬದಲಿಸಬಹುದು, ಆದ್ದರಿಂದ ಬ್ಯಾಕ್ಟೀರಿಯಾ ಇಲ್ಲದ, ಬರೀ ಸಾರ ಇರುವ ಸಾಲು ಬೇಕೇ ಬೇಕು. ದ್ರಾವಕದ ಸಾಲು, ಆಂಟಿಬಯೋಟಿಕ್ ಸಾಲು, ಏನೂ ಹಾಕದ ಸಾಲೂ ಇರಲಿ. ಕಚ್ಚಾ ಸಾರ ಮಿ.ಲೀ.ಗೆ 100 ಮೈಕ್ರೋಗ್ರಾಂ ಒಳಗೆ ತಡೆದರೆ ಗಮನ ಕೊಡಬೇಕಾದ ವಿಷಯ. 1 ಮಿ.ಗ್ರಾಂಗಿಂತ ಜಾಸ್ತಿ ಬೇಕಾದರೆ ಅದನ್ನು ದೊಡ್ಡದು ಮಾಡಿ ಬರೆಯಬೇಡಿ.

ಹೋಲಿಕೆ ಯಾಕೆ ಇಷ್ಟು ಮುಖ್ಯ ಅನ್ನುವುದಕ್ಕೆ ಒಂದು ನಿಜ ಘಟನೆ. ಗ್ರೇಪ್‌ಫ್ರೂಟ್ ಬೀಜದ ಸಾರ ಅಂತ ಮಾರುತ್ತಿದ್ದ ಸರಕುಗಳು ಸೂಕ್ಷ್ಮಜೀವಿಗಳನ್ನು ಚೆನ್ನಾಗಿ ತಡೆಯುತ್ತಿದ್ದವು. 1999ರಲ್ಲಿ ಜರ್ಮನಿಯ ಸಂಶೋಧಕರು ಅಂಥ ಆರು ಸರಕುಗಳನ್ನು ಪರೀಕ್ಷಿಸಿದರು. ಐದರಲ್ಲಿ ಬೆಂಜೆಥೋನಿಯಂ ಕ್ಲೋರೈಡ್ ಎಂಬ ಕೃತಕ ಸಂರಕ್ಷಕ ಇತ್ತು, ಕೆಲವದರಲ್ಲಿ ಟ್ರೈಕ್ಲೋಸಾನ್ ಎಂಬ ಇನ್ನೊಂದು ಕೂಡ. ಯಾವ ಸಂರಕ್ಷಕವೂ ಇಲ್ಲದ ಆರನೆಯದು ಏನನ್ನೂ ತಡೆಯಲಿಲ್ಲ.

ಎಲ್ಲಿ ಬಳಸಬಹುದು, ಎಲ್ಲಿ ಬೇಡ

ಫ್ರಿಜ್ ಒಳಗೆ, ಕಸದ ಡಬ್ಬಿ, ಸಿಂಕ್, ಬಾತ್‌ರೂಮಿನ ಟೈಲ್ಸ್ ಇವನ್ನು ಮೊದಲು ಸೋಪಿನಿಂದ ತೊಳೆದು ಆಮೇಲೆ ಸಾರದಿಂದ ಒರೆಸಬಹುದು. ಜಿಡ್ಡು ತೆಗೆಯಲು ಕಿತ್ತಳೆಯ ಆಲ್ಕೋಹಾಲ್ ಸಾರ ಬಹಳ ಒಳ್ಳೆಯದು. ದಾಳಿಂಬೆ ಸಾರದಲ್ಲಿ ಪಟಿಕ ಹಾಕಿ ಹತ್ತಿ ಬಟ್ಟೆ ನೆನೆಸಿದರೆ ಹಳದಿ ಬಣ್ಣವೂ ಹಿಡಿಯುತ್ತದೆ, ಬ್ಯಾಕ್ಟೀರಿಯಾ ತಡೆಯುವ ಗುಣವೂ ಸ್ವಲ್ಪ ಬರುತ್ತದೆ. ಅದೇ ಕಾರಣಕ್ಕೆ ಬಿಳಿ ಗೋಡೆ, ಬಿಳಿ ಬಟ್ಟೆಯ ಹತ್ತಿರ ಅದನ್ನು ತರಬೇಡಿ, ಕಲೆ ಹೋಗುವುದಿಲ್ಲ. ಮಾರ್ಬಲ್ ಮೇಲೆ ವಿನೆಗರ್ ಬೇಡ, ಹೊಳಪು ಹೋಗುತ್ತದೆ.

ಹಸಿ ಮಾಂಸ ಕತ್ತರಿಸಿದ ಹಲಗೆಗೆ ಇದು ಸಾಲದು. ಕೈ ಸ್ಯಾನಿಟೈಸರ್ ಬದಲಿಗೆ ಬೇಡ. ಗಾಯಕ್ಕೆ, ಕಣ್ಣಿಗೆ, ಕಿವಿಗೆ ಬೇಡ, ಕುಡಿಯುವ ನೀರು ಶುದ್ಧ ಮಾಡಲು ಬೇಡ, ಔಷಧಿಯಂತೆ ಕುಡಿಯುವುದೂ ಬೇಡ. ಲ್ಯಾಬಿನ ತಟ್ಟೆಯಲ್ಲಿ ಸ್ಟಫಿಲೋಕಾಕಸ್ ಸತ್ತಿತು ಅನ್ನುವುದಕ್ಕೂ ಮೈಯಲ್ಲಿನ ಸೋಂಕು ವಾಸಿಯಾಗುವುದಕ್ಕೂ ನಡುವೆ ಬಹಳ ದೂರ ಇದೆ. ಸೋಂಕು ಆಗಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ನಿಂಬೆ ಜಾತಿಯ ಸಿಪ್ಪೆಯ ರಸ ಚರ್ಮಕ್ಕೆ ತಾಗಿ ಬಿಸಿಲಿಗೆ ಹೋದರೆ ಸುಟ್ಟಂತೆ ಬೊಬ್ಬೆ ಏಳಬಹುದು, ಕೈಗವಸು ಹಾಕಿಕೊಳ್ಳಿ. ಹಳೆಯ ಕಿತ್ತಳೆ ಎಣ್ಣೆ ಗಾಳಿ ತಾಗಿ ಚರ್ಮಕ್ಕೆ ಅಲರ್ಜಿ ತರುವಂಥದ್ದಾಗುತ್ತದೆ. ಬೆಕ್ಕಿಗೆ ಲಿಮೊನೀನ್ ವಿಷ, ಮನೆಯಲ್ಲಿ ಬೆಕ್ಕಿದ್ದರೆ ನೆಲ ಒರೆಸಲು ಕಿತ್ತಳೆ ಸಾರ ಬಳಸಬೇಡಿ. ಬ್ಲೀಚ್ ಜೊತೆ ಇವುಗಳಲ್ಲಿ ಯಾವುದನ್ನೂ ಬೆರೆಸಬೇಡಿ: ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಆಲ್ಕೋಹಾಲ್ ಸೇರಿದರೆ ಕ್ಲೋರೋಫಾರ್ಮ್‌ನಂಥ ವಿಷಗಳು.

ಇಡುವುದು, ಉಳಿದ ಚರಟ

ನೀರಿನ ಸಾರ ಫ್ರಿಜ್‌ನಲ್ಲಿ ಎರಡು ಮೂರು ದಿನ ಅಷ್ಟೇ. ಸೂಕ್ಷ್ಮಜೀವಿ ತಡೆಯುವ ಸಾರಕ್ಕೇ ಬೂಸ್ಟು ಬರುತ್ತದಾ ಅಂತ ಕೇಳಬೇಡಿ, ಬರುತ್ತದೆ, ಸಕ್ಕರೆ ಮತ್ತು ನೀರು ಇದ್ದಲ್ಲಿ ಯಾವುದಾದರೂ ಒಂದು ಬಂದೇ ಬರುತ್ತದೆ. ಜಾಸ್ತಿ ಮಾಡಿದ್ದರೆ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಬೇಕಾದಾಗ ಒಂದೊಂದು ತುಂಡು ಕರಗಿಸಿಕೊಳ್ಳಿ. ವಿನೆಗರ್ ಮತ್ತು ಆಲ್ಕೋಹಾಲ್ ಸಾರಗಳು ಕಂದು ಗಾಜಿನ ಬಾಟ್ಲಿಯಲ್ಲಿ ಕೆಲವು ತಿಂಗಳು ಇರುತ್ತವೆ. ಮಕ್ಕಳ ಕೈಗೆ ಎಟುಕದ ಕಡೆ ಇಡಿ, ತಂಪು ಪಾನೀಯದ ಹಳೆಯ ಬಾಟ್ಲಿಯಲ್ಲಿ ತುಂಬಬೇಡಿ, ಬಣ್ಣ ನೋಡಿದರೆ ಹಣ್ಣಿನ ರಸದಂತೆಯೇ ಕಾಣುತ್ತದೆ.

ಸೋಸಿ ಉಳಿದ ಚರಟದಲ್ಲಿ ಇನ್ನೂ ಟ್ಯಾನಿನ್ ಇರುತ್ತದೆ. ಅದನ್ನು ಅರ್ಧ ನೀರಿನಲ್ಲಿ ಎರಡನೇ ಸಲ ನೆನೆಸಿ, ಕಬ್ಬಿಣದ ಹನಿ ಬಿಟ್ಟು ನೋಡಿ, ಕಪ್ಪಾದರೆ ಅದನ್ನೂ ಸೋಸಿ ಕಸದ ಡಬ್ಬಿ ತೊಳೆಯಲು ಇಟ್ಟುಕೊಳ್ಳಿ. ಬಣ್ಣ ಬರದಿದ್ದರೆ ಚರಟ ಗೊಬ್ಬರದ ಗುಂಡಿಗೆ. ಆಲ್ಕೋಹಾಲ್ ಚರಟವನ್ನು ಮೊದಲು ಬಯಲಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಹಾಕಿ. ವಿನೆಗರ್ ಚರಟವಾದರೆ ಒಂದು ಸಲ ನೀರಿನಲ್ಲಿ ಜಾಲಿಸಿ, ಒಣ ಎಲೆಗಳ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸಿ. ಒಟ್ಟಿಗೆ ಸುರಿದರೆ ಗೊಬ್ಬರ ಮಾಡುವ ಜೀವಿಗಳ ಕೆಲಸ ಕೆಲವು ದಿನ ನಿಂತುಹೋಗುತ್ತದೆ.